ಅರ್ಧ ಗಂಟೆಯೊಳಗೆ

ಕಾಲರಿನ ಮೇಲಿನ ಗುಂಡಿ ತೂತಿಗೆ ಸಿಗುತ್ತಿರಲಿಲ್ಲ. ಅಳಿಯ ಎರಡು ಸಲ ಪ್ರಯತ್ನಿಸಿ ಕೈಬಿಟ್ಟ. ಹೇಗೂ ಮೇಲೆ ಬಟ್ಟೆ ಹೊದಿಸುತ್ತೇವೆ, ಯಾರಿಗೆ ಕಾಣುತ್ತದೆ ಎಂದ. ಗೋಡೆಗೆ ಒರಗಿ ಕೂತಿದ್ದ ಅತ್ತೆ, ಮೇಷ್ಟ್ರ ಹೆಂಡತಿ, ಆಗುವುದಿಲ್ಲ ಎಂಬಂತೆ ತಲೆಯಾಡಿಸಿದರು. ಮೂವತ್ತೆಂಟು ವರ್ಷ ನೌಕರಿ ಮಾಡಿದ ಮನುಷ್ಯ ಒಂದು ದಿನವೂ ಆ ಗುಂಡಿ ಹಾಕದೆ ಗೇಟು ದಾಟಿದವರಲ್ಲ.

"ಚೀಟಿ ಅಕ್ಕನ್ನ ಕರೀರಿ. ಅವರ ಕೈ ನಾಜೂಕು" ಎಂದು ಬಾಗಿಲಲ್ಲಿ ನಿಂತಿದ್ದ ಜೀಪಿನ ಡ್ರೈವರ್ ಹೇಳಿದ.

ಚೀಟಿ ಅಕ್ಕ ಎಂದರೆ ಆಸ್ಪತ್ರೆಯ ಹೊರರೋಗಿಗಳ ಕಿಟಕಿಯಲ್ಲಿ ಕೂತು ಹೆಸರು, ವಯಸ್ಸು, ಕಾಯಿಲೆ ಕೇಳಿ ಚೀಟಿ ಬರೆದುಕೊಡುವವಳು. ಐವತ್ತು ತುಂಬಿದ ಹೆಂಗಸು, ಮದುವೆಯಾಗಿಲ್ಲ, ಮಾತು ಕಡಿಮೆ. ಬೆಳಗಿನಿಂದ ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದವಳು ಕೈ ಒರೆಸಿಕೊಂಡು ಒಳಗೆ ಬಂದಳು. ಹಲಗೆಯ ಮೇಲೆ ಮಲಗಿಸಿದ್ದ ಮೇಷ್ಟ್ರ ಗಲ್ಲದ ಕೆಳಗೆ ಎರಡು ಬೆರಳು ತೂರಿಸಿ, ಬಟ್ಟೆಯನ್ನು ಸ್ವಲ್ಪ ಸಡಿಲಿಸಿ, ಒಂದೇ ಸಲಕ್ಕೆ ಗುಂಡಿ ಹಾಕಿದಳು. ಆಮೇಲೆ ಕೈ ತೆಗೆಯಬೇಕೆಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ.

ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ನೋಡುತ್ತಿದ್ದವರು. ಸುತ್ತಲಿನ ಲ್ಯಾಬುಗಳಲ್ಲಿ ಕೂತಿರುವ ಅರ್ಧ ಜನ ಅವರ ಕೈಕೆಳಗೆ ಕಲಿತವರಾದ್ದರಿಂದ ಆ ಹೆಸರು. ಶಾಲೆಯ ಮಕ್ಕಳಿಗೆ ಮಾತ್ರ ಅವರು ಹುಳದ ಮಾಮ. ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆಯ ಡಬ್ಬಿ ಹಿಡಿದು ಬಂದು, ಜಗಿದು ನುಂಗಿ ಎಂದು ತಾವೇ ಬಾಯಿ ಆಡಿಸಿ ತೋರಿಸುತ್ತಿದ್ದರು. ನಿವೃತ್ತಿಯಾಗಿ ನಾಲ್ಕು ವರ್ಷವಾಗಿತ್ತು. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಎದ್ದವರು ನಲ್ಲಿಯ ಹತ್ತಿರವೇ ಕುಸಿದರಂತೆ. ನಲ್ಲಿ ಹರಿಯುತ್ತಲೇ ಇತ್ತಂತೆ, ಆ ಸದ್ದು ನಿಲ್ಲಲಿಲ್ಲವಲ್ಲ ಎಂದು ಹೆಂಡತಿ ಎದ್ದು ಹೋಗಿ ನೋಡಿದ್ದು.

ಹನ್ನೊಂದು ಗಂಟೆಗೆ ಗಾಡಿ ಬರುವುದಿತ್ತು. ಅದಕ್ಕೆ ಮೊದಲು ಅಂಗಳದಲ್ಲಿ ಎಲ್ಲರೂ ಸೇರಿದಾಗ ಆಸ್ಪತ್ರೆಯ ಪರವಾಗಿ ನಾಲ್ಕು ಮಾತು ಓದಬೇಕೆಂದು ವೈದ್ಯಾಧಿಕಾರಿ ಒಂದು ಪುಟ ಟೈಪು ಮಾಡಿಸಿ ತಂದಿದ್ದರು. ಅವರು ಬಂದು ಎಂಟು ತಿಂಗಳಾಗಿತ್ತಷ್ಟೇ. ಮೇಷ್ಟ್ರನ್ನು ಕಂಡದ್ದು ಎರಡೇ ಸಲ. ಹಳೆಯ ಕಡತ ತೆಗೆಸಿ, ಅದರಲ್ಲಿದ್ದದ್ದನ್ನು ಒಂದಕ್ಕೊಂದು ಸೇರಿಸಿ ಬರೆದಿದ್ದರು. ಓದುವುದಕ್ಕೆ ಚೀಟಿ ಅಕ್ಕನೇ ಸರಿ ಎಂದು ಯಾರೋ ಹೇಳಿದ್ದರಂತೆ. ನೀವು ಅವರ ಶಿಷ್ಯೆಯಂತಲ್ಲ, ನಿಮ್ಮ ಬಾಯಲ್ಲಿ ಬಂದರೆ ಚೆನ್ನ ಎಂದು ಕಾಗದ ಅವಳ ಕೈಗಿತ್ತರು.

ಅವಳು ನೆರಳಿಗೆ ಹೋಗಿ ಒಮ್ಮೆ ಓದಿಕೊಂಡಳು. ಮಧ್ಯದಲ್ಲಿ ಒಂದು ಸಾಲಿತ್ತು: "ಶಾಲಾ ಸಮೀಕ್ಷೆಯೊಂದರಲ್ಲಿ ಸಹಾಯಕರೊಬ್ಬರಿಂದ ಗಂಭೀರ ಲೋಪವಾದಾಗ, ಆ ಸಹಾಯಕರ ಕೆಲಸಕ್ಕೆ ಕುತ್ತು ಬರದಂತೆ ಕಾಪಾಡಿದ ದೊಡ್ಡ ಮನಸ್ಸು ಅವರದು."

ಡ್ರೈವರ್ ಅವಳ ಭುಜದ ಹಿಂದಿನಿಂದ ಅದನ್ನು ಓದಿ ಗಂಟಲು ಸರಿಮಾಡಿಕೊಂಡ.

"ಅಕ್ಕಾ, ಆ ಸಾಲು ತೆಗೀರಿ ಅಂತ ಸಾಹೇಬ್ರಿಗೆ ಹೇಳ್ಲಾ? ಮೇಷ್ಟ್ರ ಕಡತದಲ್ಲಿ ಹೆಸರಿರಲಿಲ್ಲ ಅನ್ಸುತ್ತೆ, ಆ ಸಹಾಯಕರು ನೀವೇ ಅಂತ ಅವರಿಗೆ ಗೊತ್ತಿಲ್ಲ."

"ಬೇಡ. ಇದ್ದದ್ದನ್ನೇ ತಾನೇ ಬರೆದಿರೋದು."

"ಆದ್ರೂ ನಿಮ್ಮ ಕೈಲೇ ಓದಿಸೋದು..."

"ನಾನು ಓದಿದ್ರೇನೇ ಸರಿ" ಎಂದಳು. ಆಮೇಲೆ, ಏನೋ ಹೆಚ್ಚಾಗಿ ಹೇಳಿದೆನೆನಿಸಿ, ಕೈಗಡಿಯಾರ ನೋಡಿದಳು. ಒಂಬತ್ತು ಮುಕ್ಕಾಲು.

ಅವಳಿಗೆ ಗಡಿಯಾರ ನೋಡುವ ಚಾಳಿಯಿತ್ತು. ಹನ್ನೆರಡು ವರ್ಷದಿಂದ ಪ್ರತಿದಿನ ಬೆಳಗಿನ ರೇಡಿಯೋ ವಾರ್ತೆಗೆ ಮುಳ್ಳು ಸರಿಹೊಂದಿಸಿಯೇ ಮನೆಯಿಂದ ಹೊರಡುತ್ತಿದ್ದಳು. ಕಿಟಕಿಯ ಆಚೆ ನಿಂತ ರೋಗಿಗಳಿಗೆ ಅದೊಂದು ತಮಾಷೆ. ಈ ಅಮ್ಮ ಕೆಮ್ಮಿಗೂ ಟೈಮ್ ಬರೀತಾರೆ ಎನ್ನುತ್ತಿದ್ದರು. ನಿಜವಾಗಿಯೂ ಚೀಟಿಯ ಮೂಲೆಯಲ್ಲಿ ಅವಳು ಗಂಟೆ, ನಿಮಿಷ ಬರೆಯುತ್ತಿದ್ದಳು. ಯಾರೂ ಬರೆಯಲು ಹೇಳಿರಲಿಲ್ಲ.

ವರ್ಷಕ್ಕೆ ಎರಡೋ ಮೂರೋ ಸಲ ಒಬ್ಬ ಹೆಂಗಸು ದಮ್ಮಿನ ಔಷಧಿಗೆಂದು ಆ ಕಿಟಕಿಗೆ ಬರುತ್ತಿದ್ದಳು. ಅವಳ ದನಿ ಕೇಳಿದ ಕೂಡಲೇ ಚೀಟಿ ಅಕ್ಕ ತಲೆ ತಗ್ಗಿಸಿ, ಹೆಸರು ಕೇಳದೆಯೇ ಬರೆದುಕೊಟ್ಟುಬಿಡುತ್ತಿದ್ದಳು. ಆ ಹೆಂಗಸಿನ ಮಗಳು ಐದನೆಯ ತರಗತಿಯಲ್ಲಿ ಸತ್ತುಹೋಗಿದ್ದಳು. ಅದಕ್ಕೆ ಕಾರಣ ತನ್ನ ಗಡಿಯಾರ ಎಂದು ಚೀಟಿ ಅಕ್ಕ ನಂಬಿದ್ದಳು.

*

ಇಪ್ಪತ್ತಾರು ವರ್ಷದ ಹಿಂದೆ ಲ್ಯಾಬಿಗೆ ಸೇರಿದ ಮೊದಲ ದಿನವೇ ಅವಳು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಿದ್ದಳು. ಮೇಜಿನ ಮೇಲೆ ಮಕ್ಕಳ ಮಲದ ಡಬ್ಬಿಗಳು ಸಾಲಾಗಿದ್ದವು. ವಾಪಸು ಬಂದಾಗ ಮೇಷ್ಟ್ರು ನಗಲಿಲ್ಲ.

"ಮೂಗು ಮುಚ್ಚಿಕೊಂಡ್ರೆ ಕಣ್ಣೂ ಅರ್ಧ ಮುಚ್ಚುತ್ತೆ, ತಂಗಿ. ಮೂಗಿಗೆ ಒಂದು ವಾರ ಕೊಡು, ಅದೇ ಸುಮ್ಮನಾಗುತ್ತೆ."

ಅವತ್ತಿನಿಂದ ಅವಳು ತಂಗಿ, ಅವರು ಅಣ್ಣ. ಅವಳಿಗೆ ಒಡಹುಟ್ಟಿದವರಿರಲಿಲ್ಲ.

ಅವರು ಕೆಲಸ ಕಲಿಸಿದ್ದು ಕೈ ಹಿಡಿದು. ಕಡಲೆಕಾಳಿಗಿಂತ ಚಿಕ್ಕ ಚೂರನ್ನು ಜಾಲರಿಯಲ್ಲಿ ಸೋಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಗ್ಲಿಸರಿನ್‌ನಲ್ಲಿ ನೆನೆದ ತೆಳುಹಾಳೆ ಮುಚ್ಚಿ ಹೆಬ್ಬೆರಳಿನಿಂದ ಒತ್ತಬೇಕು. ಗ್ಲಿಸರಿನ್ ನಿಧಾನವಾಗಿ ಎಲ್ಲವನ್ನೂ ತಿಳಿಯಾಗಿಸುತ್ತದೆ. ಆಗ ಮೈಕ್ರೋಸ್ಕೋಪಿನ ಕೆಳಗೆ ಹುಳದ ಮೊಟ್ಟೆಗಳು ಕಾಣುತ್ತವೆ. ದುಂಡುಹುಳದ ಮೊಟ್ಟೆ ಕಂದುಬಣ್ಣದ್ದು, ದಪ್ಪ ಸಿಪ್ಪೆಯದು. ಸಂಜೆ ನೋಡಿದರೂ ಅಲ್ಲೇ ಕೂತಿರುತ್ತದೆ. ಕೊಕ್ಕೆಹುಳದ್ದು ಹಾಗಲ್ಲ. ಬಣ್ಣವಿಲ್ಲದ, ನೀರಗುಳ್ಳೆಯಂಥದು. ಅರ್ಧ ಗಂಟೆಯ ಮೇಲೆ ತಡವಾಗುತ್ತ ಹೋದರೆ ಅದೂ ಗ್ಲಿಸರಿನ್‌ನಲ್ಲಿ ತಿಳಿಯಾಗಿ ಕಣ್ಣಿಗೆ ಸಿಗದೆ ಹೋಗುತ್ತದೆ. ಮಗುವಿನ ಹೊಟ್ಟೆಯಲ್ಲಿ ಹುಳ ರಕ್ತ ಹೀರುತ್ತಲೇ ಇರುತ್ತದೆ, ವರದಿಯಲ್ಲಿ ಮಾತ್ರ ಸೊನ್ನೆ.

"ದುಂಡುಹುಳ ಅಂದ್ರೆ ಮನೆಗೆ ಬಂದ ಭಾವ, ಎದ್ದು ಹೋಗು ಅಂದ್ರೂ ಹೋಗಲ್ಲ" ಎನ್ನುತ್ತಿದ್ದರು ಮೇಷ್ಟ್ರು. "ಕೊಕ್ಕೆಹುಳದ ಮೊಟ್ಟೆ ಮದುವೆ ಮನೇಲಿ ಕೆಲಸ ಹೇಳಿದ ಮೈದುನ. ತಿರುಗಿ ನೋಡೋದ್ರೊಳಗೆ ನಾಪತ್ತೆ. ಅದಕ್ಕೇ ಅರ್ಧ ಗಂಟೆ. ಅದರೊಳಗೆ ಹಿಡೀಬೇಕು."

ಪ್ರತಿ ಪಟ್ಟಿಯ ಅಂಚಿನಲ್ಲಿ ಅದನ್ನು ಮಾಡಿದ ಹೊತ್ತನ್ನು ಪೆನ್ಸಿಲಿನಲ್ಲಿ ಬರೆಯುವುದನ್ನು ಕಲಿಸಿದವರೂ ಅವರೇ.

ಹತ್ತು ವರ್ಷ ಕಳೆದ ಮೇಲೂ ಅವರು ಅವಳನ್ನು ಪರೀಕ್ಷಿಸುವುದನ್ನು ಬಿಡಲಿಲ್ಲ. ನಿಜ ಹೇಳಬೇಕೆಂದರೆ ಪರೀಕ್ಷೆ ಹೆಚ್ಚೇ ಆಯಿತು. ತಂಗಿ, ಇಲ್ಲಿ ಬಾ, ಇದರಲ್ಲಿ ಎಷ್ಟಿವೆ ಹೇಳು ನೋಡೋಣ ಎಂದು ತಮ್ಮ ಸ್ಟೂಲು ಬಿಟ್ಟುಕೊಡುತ್ತಿದ್ದರು. ಅವಳು ಎಣಿಸಿ, ಹನ್ನೊಂದು ಅಣ್ಣ ಎನ್ನುತ್ತಿದ್ದಳು. ಸರಿ ಎಂದು ಅವರು ಬರೆದುಕೊಳ್ಳುತ್ತಿದ್ದರು. ದಿನಕ್ಕೆ ಇಪ್ಪತ್ತು, ಮೂವತ್ತು ಸಲ. ಒಮ್ಮೆಯೂ ತಪ್ಪು ಎನ್ನಲಿಲ್ಲ. ಮನೆಗೆ ಹೋಗಿ ಅವಳು ಅಮ್ಮನಿಗೆ ಇದನ್ನು ಹೇಳಿಕೊಂಡು ಹಿಗ್ಗುತ್ತಿದ್ದಳು.

*

ಆ ಸಮೀಕ್ಷೆ ನಡೆದದ್ದು ಹದಿನಾಲ್ಕು ವರ್ಷದ ಹಿಂದೆ, ಊರಾಚೆಯ ಶಾಲೆಯಲ್ಲಿ. ಯಾವ ಶಾಲೆಗೆ ಹುಳದ ಮಾತ್ರೆ ಮುಂದುವರಿಸಬೇಕು, ಯಾವುದಕ್ಕೆ ಸಾಕು ಎಂದು ತೀರ್ಮಾನಿಸಲು ಐವತ್ತು ಮಕ್ಕಳ ಮಾದರಿ ನೋಡುವುದು. ಅದಕ್ಕೊಂದು ನಿಯಮವಿತ್ತು. ಗಾಜಿನ ಪಟ್ಟಿ ಮಾಡುವವರು ಒಂದು ಕೋಣೆಯಲ್ಲಿ, ನೋಡುವವರು ಇನ್ನೊಂದರಲ್ಲಿ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಅವಳು ಮೂರನೆಯ ತರಗತಿಯ ಕೋಣೆಯಲ್ಲಿ ಕೂತಳು. ಮೇಷ್ಟ್ರು ಮೈಕ್ರೋಸ್ಕೋಪ್ ಇಟ್ಟುಕೊಂಡು ಅಂಗಳದಾಚೆ ಹೆಡ್‌ಮಾಸ್ಟರ ಕೋಣೆಯಲ್ಲಿ. ಕೇಂದ್ರ ಕಚೇರಿಯಿಂದ ಬಂದ ವೀಕ್ಷಕರೊಬ್ಬರು ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಮಾಡಿದ ಪಟ್ಟಿಗಳನ್ನು ಹತ್ತು ಹತ್ತಾಗಿ ಟ್ರೇಯಲ್ಲಿಟ್ಟು ಅಂಗಳ ದಾಟಿಸುವ ಕೆಲಸ ಡ್ರೈವರನದು.

ಮಕ್ಕಳು ಸಾಲಿನಲ್ಲಿ ಬಂದು ಡಬ್ಬಿ ಕೊಟ್ಟು, ಒಬ್ಬರ ಬೆನ್ನಿಗೊಬ್ಬರು ಮುಖ ಮುಚ್ಚಿ ನಗುತ್ತಿದ್ದರು. ಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ ಕಳೆದುಕೊಂಡ ಒಬ್ಬಳು ಗುಲಾಬಿ ಬಣ್ಣದ ತಗಡಿನ ಡಬ್ಬಿ ತಂದಿದ್ದಳು. ಮುಂದಿನ ಎರಡು ಹಲ್ಲಿರಲಿಲ್ಲ, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಮೇಜಿನ ಹತ್ತಿರ ಬಾಗಿ ಪಿಸುಗುಟ್ಟಿದಳು.

"ಅಮ್ಮಂಗೆ ಹೇಳ್ಬೇಡಿ ಆಯ್ತಾ. ಇದು ಅವಳ ಪೌಡರ್ ಡಬ್ಬಿ."

ಅವಳು ನಕ್ಕು, ಹೇಳೋದಿಲ್ಲ ಎಂದು ಮಾತು ಕೊಟ್ಟು, ಪಟ್ಟಿಯ ಅಂಚಿನಲ್ಲಿ ಹತ್ತು ಗಂಟೆ ಇಪ್ಪತ್ತು ನಿಮಿಷ ಎಂದು ಬರೆದಳು.

ಸಂಜೆ ಮೇಷ್ಟ್ರ ವರದಿ ತಯಾರಾಯಿತು. ಐವತ್ತರಲ್ಲಿ ಒಂಬತ್ತು ಮಕ್ಕಳಿಗೆ ದುಂಡುಹುಳ. ಕೊಕ್ಕೆಹುಳ ಯಾರಿಗೂ ಇಲ್ಲ. ಯಾವತ್ತೂ ಪಟ್ಟಿ ತೊಳೆಯದ ಮೇಷ್ಟ್ರು ಅವತ್ತು ತಾವೇ ತೊಟ್ಟಿಯ ಮುಂದೆ ನಿಂತು ಎಲ್ಲವನ್ನೂ ತೊಳೆದರು. ನಿನಗೆ ಸುಸ್ತಾಗಿದೆ, ಕೂತ್ಕೋ ತಂಗಿ ಎಂದರು. ಅಷ್ಟು ಕಡಿಮೆ ಹುಳವಿದ್ದ ಮೇಲೆ ಮಾತ್ರೆ ಕೊಡುವ ಶಾಲೆಗಳ ಸಾಲಿನಿಂದ ಆ ಶಾಲೆಯನ್ನು ಕೈಬಿಟ್ಟರು.

ಎರಡು ವರ್ಷದ ಮೇಲೆ ಪೌಡರ್ ಡಬ್ಬಿಯ ಆ ಹುಡುಗಿ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಬಿದ್ದಳು. ಆಸ್ಪತ್ರೆಗೆ ತಂದಾಗ ಅಂಗೈ ಸುಣ್ಣದ ಹಾಗಿತ್ತು. ಮೈಯಲ್ಲಿ ರಕ್ತವೇ ಇಲ್ಲ, ಹೃದಯ ಸೋತಿದೆ ಎಂದರು ಡಾಕ್ಟರು. ನಾಲ್ಕನೆಯ ದಿನ ತೀರಿಕೊಂಡಳು. ಬೇರೆ ತಂಡ ಬಂದು ಅದೇ ಶಾಲೆಯಲ್ಲಿ ಮತ್ತೆ ಐವತ್ತು ಮಕ್ಕಳನ್ನು ನೋಡಿತು. ಮೂವತ್ತೊಂದು ಮಕ್ಕಳಿಗೆ ಕೊಕ್ಕೆಹುಳ. ಹಾಗಾದರೆ ಮೊದಲ ವರದಿಯಲ್ಲಿ ಸೊನ್ನೆ ಹೇಗೆ ಬಂತು ಎಂದು ವಿಚಾರಣೆ ಶುರುವಾಯಿತು.

ವಿಚಾರಣೆಯ ಹಿಂದಿನ ಭಾನುವಾರ ಮೇಷ್ಟ್ರು ಅವಳ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಅಮ್ಮ ಕೊಟ್ಟ ಕಾಫಿ ಆರುತ್ತಿತ್ತು.

"ತಂಗಿ, ಬೇಜಾರು ಮಾಡ್ಕೋಬೇಡ. ಒಂದು ಕೇಳ್ತೀನಿ. ಅವತ್ತು ನಿನ್ನ ವಾಚು ಸರಿಯಾಗಿತ್ತಾ?"

ಅವಳು ಮಣಿಕಟ್ಟು ನೋಡಿಕೊಂಡಳು. ಸಮೀಕ್ಷೆಗೆ ಒಂದು ತಿಂಗಳ ಮುಂಚೆ ಅದನ್ನು ರಿಪೇರಿಗೆ ಕೊಟ್ಟಿದ್ದು ನಿಜ. ಮಧ್ಯೆ ಮಧ್ಯೆ ನಿಂತು ಓಡುತ್ತಿತ್ತು.

"ಮತ್ತೆ ನಿಂತು ನಿಂತು ಓಡ್ತಿತ್ತೇನೋ" ಎಂದರು ಮೇಷ್ಟ್ರು, ಅವಳ ಮುಖ ನೋಡದೆ. "ನೀನು ಹತ್ತು ಗಂಟೆ ಅಂತ ಬರೆದಾಗ ಹನ್ನೊಂದಾಗಿತ್ತೇನೋ. ನನ್ನ ಕೈಗೆ ಬರೋದ್ರೊಳಗೆ ಮೊಟ್ಟೆ ಎಲ್ಲಿ ಉಳೀತವೆ?"

ಉಳಿದದ್ದನ್ನು ಅವಳೇ ಪೂರ್ತಿ ಮಾಡಿಕೊಂಡಳು. ಮೂರು ದಿನ ಗಡಿಯಾರವನ್ನು ರೇಡಿಯೋ ಪಕ್ಕದಲ್ಲಿಟ್ಟು ಕಾದಳು. ಎರಡು ದಿನ ಸರಿಯಾಗಿ ಓಡಿತು. ಮೂರನೆಯ ದಿನ ಆರು ನಿಮಿಷ ಹಿಂದಿತ್ತು. ಅವಳಂಥವಳಿಗೆ ಅಷ್ಟು ಸಾಕಾಗಿತ್ತು. ವಿಚಾರಣೆಯಲ್ಲಿ ಯಾರೂ ಒತ್ತಾಯಿಸದೆಯೇ, ತನ್ನ ಗಡಿಯಾರದ ದೋಷದಿಂದ ಪಟ್ಟಿಗಳು ತಡವಾದವು ಎಂದು ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿದಳು. ಟ್ರೇ ಒಯ್ದ ಡ್ರೈವರನನ್ನು ಕರೆಯುವ ಅಗತ್ಯವೇ ಬೀಳಲಿಲ್ಲ. ಮೇಷ್ಟ್ರು ಮಾತಾಡಿದ್ದರಿಂದ ಅವಳ ಕೆಲಸ ಉಳಿಯಿತು. ಮೈಕ್ರೋಸ್ಕೋಪ್ ಮುಟ್ಟಬಾರದೆಂದು ಚೀಟಿಯ ಕಿಟಕಿಗೆ ಹಾಕಿದರು.

*

ಹತ್ತೂವರೆಗೆ ಅತ್ತಿಗೆ ಅವಳನ್ನು ಅಡುಗೆಮನೆಗೆ ಕರೆದರು. ಮೇಷ್ಟ್ರು ಅಣ್ಣನಾದ ಮೇಲೆ ಅವರ ಹೆಂಡತಿ ಅವಳಿಗೆ ಅತ್ತಿಗೆಯೇ. ಅಲ್ಲಿ ಟೀ ಸೋಸುತ್ತಿದ್ದ ಮಗಳನ್ನು ಹೊರಗೆ ಕಳಿಸಿ, ಬಾಗಿಲು ಮುಂದಕ್ಕೆ ಮಾಡಿ, ಅವಳ ಎರಡೂ ಕೈ ಹಿಡಿದುಕೊಂಡರು. ಅತ್ತು ಅತ್ತು ಅವರ ದನಿ ಕಟ್ಟಿತ್ತು.

"ಒಂದು ಮಾತು ಹನ್ನೆರಡು ವರ್ಷದಿಂದ ಗಂಟಲಲ್ಲಿ ಇಟ್ಕೊಂಡಿದೀನಿ. ಅವರಿರೋ ತನಕ ಎತ್ತಬೇಡ ಅಂದಿದ್ರು. ಇವತ್ತು ಹೇಳದೇ ಇದ್ರೆ ನಾನು ಮನುಷ್ಯಳೇ ಅಲ್ಲ."

"ಏನತ್ತಿಗೆ?"

"ನೀನು ಮಾಡಿದ್ದನ್ನ ಒಡಹುಟ್ಟಿದವಳೂ ಮಾಡಲ್ಲ. ಅವರ ಕಣ್ಣಿನ ವಿಷಯ ಒಬ್ಬರ ಹತ್ರ ಬಾಯಿ ಬಿಡದೆ, ತಪ್ಪು ನಂದೇ ಅಂತ ಬರೆದುಕೊಟ್ಟೆ. ಇಲ್ದಿದ್ರೆ ಅವತ್ತೇ ಅವರನ್ನ ಮನೆಗೆ ಕಳಿಸ್ತಿದ್ರು. ಮಗಳ ಮದುವೆ ಎದುರಿಗಿತ್ತು."

ಅವಳಿಗೆ ಮಾತು ಕೇಳಿಸಿತು, ಅರ್ಥ ಆಗಲಿಲ್ಲ. ಕಣ್ಣಿನ ಯಾವ ವಿಷಯ ಎಂದು ಕೇಳಬೇಕೆಂದುಕೊಂಡಳು. ಕೇಳುವ ಮೊದಲೇ ಅತ್ತಿಗೆ ಹೇಳುತ್ತ ಹೋದರು. ಎರಡೂ ಕಣ್ಣಿಗೆ ಪೊರೆ ಬಂದು, ಸಮೀಕ್ಷೆಯ ಹೊತ್ತಿಗೆ ಎರಡು ವರ್ಷವಾಗಿತ್ತಂತೆ. ಪೇಪರನ್ನು ದಿನಾ ಬೆಳಿಗ್ಗೆ ಅತ್ತಿಗೆಯೇ ಓದಿ ಹೇಳುತ್ತಿದ್ದರಂತೆ. ಆಪರೇಷನ್ ಮಾಡಿಸಿಕೊಂಡರೆ ಕಚೇರಿಗೆ ಗೊತ್ತಾಗುತ್ತದೆ, ಕಾಣದ ಕಣ್ಣಲ್ಲಿ ಎರಡು ವರ್ಷ ಏನು ನೋಡಿದೆ ಎಂದು ಕೇಳುತ್ತಾರೆ ಅಂತ ಹೆದರಿ, ಅವಳು ಕಿಟಕಿಗೆ ಹೋದ ಮೇಲೆ ಕಲಿಯಲು ಬಂದ ಹುಡುಗರ ಕೈಲಿ ಎಣಿಸಿ ದಿನ ತಳ್ಳಿ, ನಿವೃತ್ತಿಯ ಮಾರನೆಯ ವಾರವೇ ಮಾಡಿಸಿಕೊಂಡರಂತೆ.

"ದಪ್ಪದ್ದು, ಕಂದುಬಣ್ಣದ್ದು ಹೇಗೋ ಕಾಣ್ತಿತ್ತಂತೆ. ಆ ನೀರಿನ ಥರದ್ದು ಇದೆಯಲ್ಲ, ಅದು ಏನೂ ಕಾಣ್ತಿರಲಿಲ್ಲ. ತಂಗಿ ಇದ್ದಾಳೆ, ಅವಳ ಕಣ್ಣಲ್ಲಿ ನಡೀತಿದೆ ಅಂತಿದ್ರು. ಶಾಲೇಲಿ ಆ ದಿನ ಮಾತ್ರ ನಿನ್ನನ್ನ ಬೇರೆ ಕೋಣೇಲಿ ಕೂರಿಸಿಬಿಟ್ರು. ಪಕ್ಕದಲ್ಲಿ ಆ ಮೇಲಿನವನು ಬೇರೆ. ಏನ್ ಮಾಡ್ಬೇಕಿತ್ತು ಅವರು, ಹೇಳು?"

ಇಲ್ಲಿ ಬಾ, ಇದರಲ್ಲಿ ಎಷ್ಟಿವೆ ಹೇಳು ನೋಡೋಣ. ಹನ್ನೊಂದು ಅಣ್ಣ. ಸರಿ.

ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. ಅತ್ತಿಗೆ ಇನ್ನೂ ಬಿಗಿಯಾಗಿ ಹಿಡಿದರು.

"ಅವಳಿಗೆ ಎಲ್ಲ ಗೊತ್ತು, ನನ್ನ ಮರ್ಯಾದೆಗೋಸ್ಕರ ತಲೆ ಕೊಟ್ಟಳು, ಆ ಮಾತು ಎತ್ತಿದ್ರೆ ನೊಂದ್ಕೋತಾಳೆ ಅಂದ್ರು. ಅದಕ್ಕೇ ಸುಮ್ಮನಿದ್ದೆ. ನಮ್ಮ ಗಿಡದ ಮೊದಲ ಸೀಬೆಹಣ್ಣು ಪ್ರತಿ ವರ್ಷ ನಿಮ್ಮನೆಗೆ ಬರ್ತಿತ್ತಲ್ಲ, ಯಾಕೆ ಅಂದ್ಕೊಂಡೆ?"

ಅವಳು ಅಂದುಕೊಂಡಿದ್ದು ಬೇರೆ. ಒಂದು ಮಗುವಿನ ಸಾವಿಗೆ ಕಾರಣಳಾದವಳಿಗೂ ಹಣ್ಣು ಕಳಿಸುತ್ತಾರಲ್ಲ, ಎಂಥ ಜನ ಎಂದು ಆ ಹಣ್ಣನ್ನು ಪ್ರತಿ ವರ್ಷ ತಲೆ ತಗ್ಗಿಸಿ ತಿಂದಿದ್ದಳು.

ಹೊರಗಿನಿಂದ ಮಗಳು ಕೂಗಿದಳು. ಗಾಡಿ ಬಂದಿತ್ತು. ಸಾಹೇಬರು ಕಾಯುತ್ತಿದ್ದರು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, ಆಮೇಲೆ ಅದೇ ಸೆರಗಿನಿಂದ ಅವಳ ಮುಖವನ್ನೂ ಒರೆಸಿದರು. ಅವಳ ಮುಖದಲ್ಲಿ ಕಣ್ಣೀರಿರಲಿಲ್ಲ.

ಅಂಗಳದಲ್ಲಿ ನಲವತ್ತು ಜನರಿದ್ದರು. ಆಸ್ಪತ್ರೆಯವರು, ಅಕ್ಕಪಕ್ಕದವರು, ಎರಡು ಶಾಲೆಯ ಮೇಷ್ಟ್ರುಗಳು. ಹಲಗೆಯನ್ನು ಎರಡು ಬೆಂಚಿನ ಮೇಲೆ ಇಟ್ಟಿದ್ದರು. ಅತ್ತಿಗೆ ತಲೆಯ ಕಡೆ ಕೂತು ಗಂಡನ ತೋಳಿನ ಮೇಲೆ ಕೈಯಿಟ್ಟುಕೊಂಡರು. ವೈದ್ಯಾಧಿಕಾರಿ ಅವಳತ್ತ ತಲೆಯಾಡಿಸಿದರು. ಅವಳು ಕಾಗದ ಬಿಡಿಸಿದಳು.

ಹುಟ್ಟಿದ ವರ್ಷ, ಸೇರಿದ ವರ್ಷ, ನೋಡಿದ ಸ್ಲೈಡುಗಳ ಅಂದಾಜು. ಚೀಟಿ ಬರೆಯುವ ಕಿಟಕಿಯಲ್ಲಿ ಹೆಸರು ಕೂಗಿ ಕೂಗಿ ಅವಳ ದನಿ ಪಳಗಿತ್ತು, ಹಿಂದಿನ ಸಾಲಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಸಾವಿರಾರು ಮಕ್ಕಳ ಆರೋಗ್ಯಕ್ಕೆ ದುಡಿದವರು ಎಂದು ಓದಿದಳು. ಅದು ಸುಳ್ಳಲ್ಲ ಎಂದು ಓದುತ್ತಲೇ ಅನ್ನಿಸಿತು. ಅದು ಸುಳ್ಳಾಗಿದ್ದರೆ ಸುಲಭವಿತ್ತು.

ಆ ಸಾಲು ಬಂತು. ಶಾಲಾ ಸಮೀಕ್ಷೆಯೊಂದರಲ್ಲಿ ಸಹಾಯಕರೊಬ್ಬರಿಂದ ಎಂದು ಓದಿ ನಿಂತಳು.

ದುಃಖ ಉಕ್ಕಿದೆ ಎಂದುಕೊಂಡು ಎಲ್ಲರೂ ತಾಳ್ಮೆಯಿಂದ ಕಾದರು. ಡ್ರೈವರ್ ನೀರಿನ ಲೋಟ ತಂದ. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ವೈದ್ಯಾಧಿಕಾರಿ ಹತ್ತಿರ ಬಂದು, ಕಷ್ಟವಾದರೆ ಆ ಸಾಲು ಬಿಟ್ಟು ಮುಂದಕ್ಕೆ ಓದಿ ಎಂದು ಮೆಲ್ಲಗೆ ಹೇಳಿದರು.

ಬಿಟ್ಟು ಓದಬಹುದಿತ್ತು. ಕಿಟಕಿಯ ಹತ್ತಿರ ಬರುವ ಆ ದಮ್ಮಿನ ಹೆಂಗಸು ನೆನಪಾದಳು. ಹನ್ನೆರಡು ವರ್ಷದಲ್ಲಿ ಆಕೆಯ ಮುಖ ಹೇಗಿದೆ ಎಂದು ತಾನು ನೋಡಿಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು.

"ಆ ಸಹಾಯಕಿ ನಾನು" ಎಂದಳು. ಓದುವಾಗಿನ ದನಿಯಲ್ಲೇ. "ಪಟ್ಟಿಗಳನ್ನ ನಾನು ಸರಿಯಾದ ಹೊತ್ತಿಗೇ ಕೊಟ್ಟಿದ್ದೆ. ನೋಡೋಕೆ ಮೇಷ್ಟ್ರಿಗೆ ಕಣ್ಣು ಕಾಣ್ತಿರಲಿಲ್ಲ. ಅದನ್ನ ಅವರು ಹೇಳಲಿಲ್ಲ."

ಯಾರೋ ಕೆಮ್ಮಿದರು. ಲೋಟ ಹಿಡಿದು ನಿಂತಿದ್ದ ಡ್ರೈವರ್, ತನಗೇ ಹೇಳಿಕೊಳ್ಳುವವನ ಹಾಗೆ, ಟ್ರೇ ಒಯ್ದೋನು ನಾನು, ಓಡ್ಕೊಂಡೇ ಹೋಗ್ತಿದ್ದೆ ಎಂದ.

ಮಗಳು ಎದ್ದು ನಿಂತಳು. ಅವಳ ಮುಖ ಕೆಂಪೇರಿತ್ತು.

"ಇವತ್ತೇ ಬೇಕಿತ್ತಾ ಇದು? ಬದುಕಿದ್ದಾಗ ಬಾಯಿ ಇರಲಿಲ್ವಾ ನಿಮಗೆ?"

"ಬದುಕಿದ್ದಾಗ ನನಗೆ ಗೊತ್ತಿರಲಿಲ್ಲ."

ಆ ಮಾತಿಗೆ ಅತ್ತಿಗೆ ತಲೆಯೆತ್ತಿದರು. ಅಲ್ಲಿಯವರೆಗೆ ಅವರ ಮುಖದಲ್ಲಿ ಇದ್ದದ್ದು ಗಾಬರಿ. ಉಪಕಾರ ಮಾಡಿದವಳು ಹೀಗೇಕೆ ಎಲ್ಲರೆದುರು ಅದನ್ನು ಒಡೆದುಹಾಕುತ್ತಿದ್ದಾಳೆ ಎಂಬ ಗಾಬರಿ.

"ನೀನೇ ಬರೆದುಕೊಟ್ಟೆಯಲ್ಲ" ಎಂದರು. "ಅವರಿಗೋಸ್ಕರ."

"ಅವರಿಗೋಸ್ಕರ ಅಲ್ಲ ಅತ್ತಿಗೆ. ತಪ್ಪು ನಂದೇ ಅಂತ ನಂಬಿ ಬರೆದುಕೊಟ್ಟೆ. ನನ್ನ ವಾಚು ಕೆಟ್ಟಿತ್ತು ಅಂದ್ರು. ನಂಬಿದೆ. ಆ ಮಗೂನ ನಾನೇ ಕೊಂದೆ ಅಂತ ಇವತ್ತು ಹತ್ತೂವರೆ ತನಕ ನಂಬಿದ್ದೆ."

ಅತ್ತಿಗೆ ಅವಳನ್ನೇ ನೋಡಿದರು. ತುಟಿ ಅಲ್ಲಾಡಿತು. ಅವಳಿಗೆ ಎಲ್ಲ ಗೊತ್ತು ಅಂದಿದ್ರು ಎಂದರೋ, ಅಂದಿದ್ರಲ್ಲ ಎಂದರೋ, ಹತ್ತಿರ ಕೂತವರಿಗೂ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಅವರು ತಿರುಗಿ ಹಲಗೆಯ ಮೇಲಿನ ಮುಖವನ್ನು ನೋಡಿದರು. ಬೆಳಗಿನಿಂದ ತೋಳಿನ ಮೇಲಿದ್ದ ಕೈಯನ್ನು ಎತ್ತಿಕೊಂಡು ತಮ್ಮ ಮಡಿಲಲ್ಲಿಟ್ಟುಕೊಂಡರು.

ಅಳಿಯ ಹೊತ್ತಾಯಿತೆಂದು ಎಲ್ಲರನ್ನೂ ಎಬ್ಬಿಸಿದ. ಅದೊಂದೇ ಅಲ್ಲಿ ಹೇಳಬಹುದಾಗಿದ್ದ ಮಾತು. ಆರು ಜನ ಸೇರಿ ಹಲಗೆ ಎತ್ತಿದರು. ವೈದ್ಯಾಧಿಕಾರಿ ಅವಳ ಕೈಯಿಂದ ಕಾಗದ ತೆಗೆದುಕೊಂಡು, ಏನು ಮಾಡಬೇಕೆಂದು ತಿಳಿಯದೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ನಾಳೆ ಬಂದು ನನ್ನನ್ನು ಕಾಣಿ, ಕಡತ ಇದೆ, ನೋಡೋಣ ಎಂದರು. ಅವಳು ಆಗಲಿ ಎಂದಳು. ಹೇಳಿದ್ದು ಸರಿಯೋ ತಪ್ಪೋ, ಹೇಳಿದ ಹೊತ್ತು ಸರಿಯೋ ತಪ್ಪೋ, ಒಂದೂ ಗೊತ್ತಾಗಲಿಲ್ಲ. ಸುತ್ತಲಿದ್ದವರು ಅವಳ ಪಕ್ಕ ಬಂದಾಗ ಸ್ವಲ್ಪ ಬಳಸಿಕೊಂಡು ಹೋಗುತ್ತಿದ್ದರು.

ಗಾಡಿಯಲ್ಲಿ ಹಲಗೆಯ ಪಕ್ಕದ ಸೀಟು ಅತ್ತಿಗೆಯದು. ಮಗಳು ಹತ್ತಿ ಕೂತು, ಅಮ್ಮಾ ಬಾ ಎಂದು ಕೈ ಚಾಚಿದಳು. ಅತ್ತಿಗೆ ಗಾಡಿಯ ಬಾಗಿಲವರೆಗೆ ಬಂದವರು ಅಲ್ಲೇ ನಿಂತರು. ಆಮೇಲೆ ಹಿಂದಕ್ಕೆ ತಿರುಗಿ, ಖಾಲಿ ಕುರ್ಚಿಗಳ ನಡುವೆ ನಡೆದು ಮನೆಯೊಳಗೆ ಹೋದರು. ಏನೋ ಮರೆತಿರಬೇಕೆಂದು ಎಲ್ಲರೂ ಕಾದರು.

ಅಂಗಳದಲ್ಲಿ ನಿಂತಿದ್ದ ಅವಳಿಗೆ ಕಿಟಕಿಯಿಂದ ಒಳಗಿನದು ಕಾಣುತ್ತಿತ್ತು. ಅತ್ತಿಗೆ ಕಬ್ಬಿಣದ ಬೀರುವಿನ ಬಾಗಿಲು ತೆರೆದು, ಗಂಡ ತನಗೆ ಹೇಳಿದ್ದರಲ್ಲಿ ಇನ್ನೇನು ಸುಳ್ಳೋ ಎಂದು ಹುಡುಕುವವರಂತೆ, ಮೇಲಿನ ಅರೆಯಿಂದ ಅವರ ಕಾಗದಗಳ ಕಟ್ಟನ್ನು ಎಳೆದುಕೊಂಡರು. ದಾರ ಬಿಚ್ಚಲು ಬರದೆ ಹಲ್ಲಿನಿಂದ ಕಚ್ಚಿ ಹರಿದರು. ಹಳೆಯ ಪತ್ರಗಳು, ರಸೀದಿಗಳು, ಆದೇಶದ ಪ್ರತಿಗಳು ನೆಲದ ಮೇಲೆ ಚೆಲ್ಲಿದವು. ಹೊರಗೆ ಗಾಡಿಯವನು ಒಮ್ಮೆ ಹಾರ್ನ್ ಮಾಡಿದ, ಸ್ವಲ್ಪ ಬಿಟ್ಟು ಇನ್ನೊಮ್ಮೆ. ಅತ್ತಿಗೆ ಕಾಗದಗಳ ಮಧ್ಯೆ ಕಾಲು ಚಾಚಿ ಕೂತು, ಮೊದಲನೆಯದನ್ನು ಕೈಗೆತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನ ಸಾಲಿನಿಂದ ಓದತೊಡಗಿದರು.